ದಮ್ಮಿನ ರೋಗಿಯ ಅಪಾಯ ಎಷ್ಟು? ಡಾಕ್ಟರು ಲೆಕ್ಕ ಹಾಕುವುದು ಹೀಗೆ

ವರ್ಷಗಟ್ಟಲೆ ಬೀಡಿ ಸೇದಿದವರಿಗೆ, ಒಲೆ ಮುಂದೆ ಕೂತು ರೊಟ್ಟಿ ಬಡಿದ ಅಜ್ಜಿಯರಿಗೆ ಬರುವ ಶ್ವಾಸಕೋಶದ ಕಾಯಿಲೆ ಸಿಒಪಿಡಿ. ನಮ್ಮ ಕಡೆ ದಮ್ಮು ಅಂದರೆ ಸಾಕು. ಅದು ಜೋರಾಗಿ ವಿಜಯಪುರದ ಆಸ್ಪತ್ರೆಗೆ ಕರೆತಂದಾಗ ಮನೆಯವರ ಪ್ರಶ್ನೆ ಒಂದೇ: "ಉಳೀತಾರೇನ್ರಿ, ಡಾಕ್ಟ್ರ?"

ಇದಕ್ಕೆ ಬರೀ ಮುಖ ನೋಡಿ ಉತ್ತರ ಹೇಳಬೇಕಿಲ್ಲ. ಬ್ರಿಟನ್ನಿನ ವೈದ್ಯರು 2012ರಲ್ಲಿ ಪ್ರಕಟಿಸಿದ ಡಿಕಾಫ್ ಎಂಬ ಲೆಕ್ಕವಿದೆ. ಐದು ವಿಷಯ, ಒಟ್ಟು 6 ಅಂಕ. ಇಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು.

ಮೊದಲು ದಮ್ಮಿನ ಮಟ್ಟ. ದಮ್ಮಿನಿಂದಾಗಿ ಒಬ್ಬರೇ ಮನೆಯಿಂದ ಹೊರಗೆ ಹೋಗಲಾಗದಿದ್ದರೆ 1 ಅಂಕ. ಅದರ ಜೊತೆಗೆ ಜಳಕ ಮಾಡಿಸಲು, ಧೋತ್ರ ಉಡಿಸಲು ಕೂಡ ಯಾರಾದರೂ ಬೇಕಿದ್ದರೆ 2. ಎಡವಟ್ಟಾಗುವುದು ಇಲ್ಲೇ. "ಎದ್ದು ಕೂಡಾಕೂ ಆಗವಲ್ದ್ರಿ" ಎಂದು ಮಗ ಇವತ್ತಿನ ಸ್ಥಿತಿ ಹೇಳುತ್ತಾನೆ. ಡಾಕ್ಟರಿಗೆ ಬೇಕಾದದ್ದು ಇವತ್ತಿನದಲ್ಲ, ದಮ್ಮು ಜಾಸ್ತಿ ಆಗುವ ಮುಂಚಿನದು. ಹೋದ ಮೂರು ತಿಂಗಳಲ್ಲಿ ಆರಾಮಿದ್ದ ದಿನ ಹೇಗಿದ್ದರು? ಇದನ್ನು ಹೇಳಬೇಕಾದವರು ದಿನಾ ಜೊತೆಗಿರುವ ಸೊಸೆಯೋ ಹೆಂಡತಿಯೋ. ಬೆಂಗಳೂರಿನಿಂದ ಓಡಿ ಬಂದ ಮಗ ಅಲ್ಲ.

ಆಮೇಲೆ ರಕ್ತ. ಇಯೋಸಿನೋಫಿಲ್ ಎಂಬ ಬಿಳಿ ಕಣ ಒಂದು ಮೈಕ್ರೋಲೀಟರಿಗೆ 50ಕ್ಕಿಂತ ಕಡಿಮೆ ಇದ್ದರೆ 1 ಅಂಕ. ಆದರೆ ಸ್ಟೀರಾಯ್ಡ್ ಕೊಟ್ಟರೂ ಈ ಕಣ ಇಳಿಯುತ್ತದೆ. ಸಿಂದಗಿಯಲ್ಲೋ ಇಂಡಿಯಲ್ಲೋ ಇಂಜೆಕ್ಷನ್ ಕೊಟ್ಟು ಕಳಿಸಿದ್ದರೆ ಆ ಚೀಟಿ ತಪ್ಪದೇ ತೋರಿಸಿ.

ಉಳಿದ ಮೂರಕ್ಕೆ ಒಂದೊಂದೇ ಅಂಕ. ಎಕ್ಸ್‌ರೇಯಲ್ಲಿ ನ್ಯುಮೋನಿಯಾದಂಥ ಬಿಳಿ ಮಚ್ಚೆ ಇದ್ದರೆ, ಮಣಿಕಟ್ಟಿನ ಅಪಧಮನಿಯಿಂದ ತೆಗೆದ ರಕ್ತದ ಪಿಎಚ್ (ಆಮ್ಲದ ಅಳತೆ; ಇದು ಇಳಿದಷ್ಟೂ ಆಮ್ಲ ಜಾಸ್ತಿ) 7.30ಕ್ಕಿಂತ ಕೆಳಗಿದ್ದರೆ, ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎದೆಬಡಿತ ತಾಳ ತಪ್ಪಿದ್ದು ಕಂಡರೆ. ಈ ತೊಂದರೆ ಹಿಂದೆ ಬಂದು ಹೋಗಿದ್ದರೂ ಲೆಕ್ಕಕ್ಕೆ ಬರುತ್ತದೆ. ಹಳೆ ಇಸಿಜಿ ಇದ್ದರೆ ತನ್ನಿ.

ಈಗ ಕೂಡಿಸಿ. 0 ಅಥವಾ 1 ಬಂದರೆ ಅಪಾಯ ಕಡಿಮೆ, 2 ಮಧ್ಯಮ, 3 ಮತ್ತು ಮೇಲೆ ಜಾಸ್ತಿ. 920 ರೋಗಿಗಳ ಆ ಮೂಲ ಅಧ್ಯಯನದಲ್ಲಿ ಸೊನ್ನೆ ಅಂಕದವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ಶೇ 0.5. ಮೂರು ಅಂಕದವರಲ್ಲಿ ಶೇ 24. ಅಂದರೆ ಅವರಲ್ಲೂ ನಾಲ್ವರಲ್ಲಿ ಮೂವರು ಬದುಕಿ ಮನೆಗೆ ಹೋದರು, ಅಲ್ವಾ? ಹಾಗಾಗಿ ಅಂಕ ಜಾಸ್ತಿ ಅಂತ ಕೈಚೆಲ್ಲಬೇಡಿ. ಐಸಿಯು ಬೇಕಾ, ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಾಸ್ಕ್ ಬೇಕಾ ಎಂದು ಮೊದಲ ದಿನವೇ ಕೇಳಿ. ರೋಗಿಗೆ ಮಾತಾಡಲು ಆಗುತ್ತಿದ್ದರೆ ಅವರ ಇಷ್ಟವನ್ನೂ ಕೇಳಿ.

ಡಿಸ್ಚಾರ್ಜ್ ಆದ ಮೇಲೆ 90 ದಿನದೊಳಗೆ ಮತ್ತೆ ಸೇರಬೇಕಾದೀತೇ? ಅದಕ್ಕೆ ಪರ್ಲ್ ಎಂಬ ಬೇರೆ ಲೆಕ್ಕವಿದೆ. ಅದರಲ್ಲಿ ದಮ್ಮಿನ ಮಟ್ಟ, ವಯಸ್ಸು, ಹೃದಯದ ವೈಫಲ್ಯದ ಜೊತೆಗೆ ಹಿಂದಿನ ವರ್ಷ ಎಷ್ಟು ಸಲ ಅಡ್ಮಿಟ್ ಆಗಿದ್ದರು ಎಂಬುದನ್ನೂ ನೋಡುತ್ತಾರೆ. ಡಿಸ್ಚಾರ್ಜ್ ಕಾರ್ಡುಗಳನ್ನೆಲ್ಲ ಒಂದೇ ಚೀಲದಲ್ಲಿ ಇಟ್ಟಿರಿ.