ಶಾಲೆ ಮ್ಯಾಗಝಿನ್ ಕೆಲ್ಸಕ್ಕೆ ಮಕ್ಳನ್ನ ಬಿಡಿ

ಶಿರಸಿ ಕಡೆ ಪಾಲಕರಿಗೊಂದು ಮಾತು, ಗ್ಯಾದರಿಂಗ್ (ಶಾಲೆ ವಾರ್ಷಿಕೋತ್ಸವ) ಮುಗಿದ್ಮೇಲೆ ವಾರ್ಷಿಕ ಸಂಚಿಕೆ ಕೆಲ್ಸಕ್ಕೆ ಮಗನೋ ಮಗಳೋ ಹೆಸ್ರು ಕೊಟ್ರೆ ಓದು ಹಾಳಾಗ್ತದೆ ಅಂತ ತಡೀಬೇಡಿ ಮಾರಾಯ್ರೆ. ಯಕ್ಷಗಾನದ ಫೋಟೋ ಕೆಳಗೆ ಎಡದಿಂದ ಬಲಕ್ಕೆ ಯಾರ್ಯಾರು ಅಂತ, ವೇಷದೊಳಗಿರೋ ಮಕ್ಳನ್ನೇ ಕೇಳಿ ಬರ್ಕೊಂಡು, ಹೆಸ್ರಿನ ಒತ್ತು ದೀರ್ಘ ಅವ್ರಿಗೇ ತೋರ್ಸಿ ಖಾತ್ರಿ ಮಾಡ್ಕೊಳ್ಳೋದಿದ್ಯಲ್ಲ, ಆ ಅಭ್ಯಾಸ ಯಾವ ಟ್ಯೂಷನ್ನಲ್ಲೂ ಸಿಗೂದಿಲ್ಲ. ಫೋಟೋನ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಮಾಡಿ ಕಳ್ಸೋಕೆ ಹೇಳಿ, ಸುಮ್ನೆ ಕಳ್ಸಿದ್ರೆ ಸೈಜ್ ಇಳಿದು ಪ್ರಿಂಟಲ್ಲಿ ಮಸುಕಾಗ್ತದೆ, 300 ಡಿಪಿಐ, ಅಂದ್ರೆ ಪ್ರಿಂಟಲ್ಲಿ ಇಂಚಿಗೆ 300 ಚುಕ್ಕೆ, ಇದ್ರೆ ಚೊಲೋ. ನಡುವೆ ಪಿನ್ ಹೊಡಿಯೋ ಪುಸ್ತಕ ಆದ್ರೆ ಪುಟ 4ರ ಲೆಕ್ಕದಲ್ಲೇ ಬರ್ಬೇಕು, 30 ಆದ್ರೆ ಎರಡು ಕಡಿಮೆ ಮಾಡಿ ಇಲ್ಲಾ ಎರಡು ಸೇರ್ಸಿ. ಆಗ ಯಾರ ಕವನ ಬಿಡೋದು ಅಂತ ಜಗಳ ಆಗೇ ಆಗ್ತದೆ, ಮಾಸ್ತರು ಬರೂ ಮೊದ್ಲು ಅವ್ರವ್ರೇ ಬಗೆಹರ್ಸ್ಕೊಳ್ಲಿ.