ಏಂಜೆಲ್ ಜೊತೆ ಟೆಟ್ರಾ ಉಳಿಸಿಕೊಂಡ ಕಥೆ: ನನ್ನ ಅನುಭವ

ನನ್ನ ನಾಲ್ಕು ಅಡಿ ಮೀನಿನ ಟ್ಯಾಂಕಿನಲ್ಲಿ ಏಂಜೆಲ್ ಮೀನು ಮತ್ತು ಕೆಂಪು ಮೂತಿಯ ಪುಟ್ಟ ಮೀನು ರಮ್ಮಿನೋಸ್ ಟೆಟ್ರಾ ಒಟ್ಟಿಗೆ ಇದ್ದು ಎರಡು ವರ್ಷ ದಾಟಿತು. ಮೊದಲು ಬಿಟ್ಟ 24 ಟೆಟ್ರಾಗಳಲ್ಲಿ ಇವತ್ತಿಗೆ 21 ಇವೆ. ಒಂದು ಮುಚ್ಚಳದ ಸಂದಿಯಿಂದ ಹಾರಿ ಬಿತ್ತು. ಎರಡು ತಂದ ವಾರದಲ್ಲೇ ಸತ್ತವು. ಏಂಜೆಲ್ ಬಾಯಿಗೆ ಒಂದೂ ಹೋಗಲಿಲ್ಲ. ಶುರು ಮಾಡುವಾಗ ತುಮಕೂರಿನ ನನ್ನ ಮೀನಿನ ಗೆಳೆಯರೆಲ್ಲ ಬೇಡ ಅಂದಿದ್ದರು. "ಏನೇ ಆದ್ರೂ ಅದು ಸಿಕ್ಲಿಡ್ ಕುಟುಂಬದ ಮೀನು ಕಣ್ರೀ, ಬಾಯಲ್ಲಿ ಹಿಡಿಯೋದನ್ನ ಬಿಡಲ್ಲ" ಅಂದರು ಒಬ್ಬ ಹಿರಿಯರು. ಈಗ ಅವರೇ ಮನೆಗೆ ಬಂದು ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ನೋಡಿ ಹೋಗುತ್ತಾರೆ.

ಅವರ ಮಾತು ಸುಳ್ಳೇನಲ್ಲ. ಮೊದಲ ಸಲ ನಾನು ಮಾಡಿದ್ದು ಪೂರ್ತಿ ಉಲ್ಟಾ. ಅಂಗೈ ಅಗಲದ ನಾಲ್ಕು ಏಂಜೆಲ್ ಆಗಲೇ ಇದ್ದವು. ಅವುಗಳ ಮೇಲೆ 20 ನಿಯಾನ್ ಟೆಟ್ರಾ ತಂದು ಬಿಟ್ಟೆ. ಒಂದಕ್ಕೆ ಮೂವತ್ತು ರೂಪಾಯಿಯೋ ಏನೋ. ಹಗಲಲ್ಲಿ ಏನೂ ಆಗಲಿಲ್ಲ, ನಾನೂ ಖುಷಿಯಾದೆ. ಬೆಳಗ್ಗೆ ಎದ್ದು ಎಣಿಸಿದರೆ 17. ಮಾರನೇ ದಿನ 15. ಎರಡು ವಾರದಲ್ಲಿ ಆರಕ್ಕೆ ಬಂತು. ಒಂದು ಹೆಣವೂ ಸಿಗಲಿಲ್ಲ. ಫಿಲ್ಟರ್ ಬಿಚ್ಚಿ ಹುಡುಕಿದೆ, ಸೋಫಾ ಸರಿಸಿ ನೋಡಿದೆ. ಕೊನೆಗೆ ಬೆಳಗಿನ ಐದೂವರೆಗೆ ಎದ್ದು ಕತ್ತಲಲ್ಲಿ ಕೂತೆ. ಕಿಟಕಿಯಿಂದ ಸ್ವಲ್ಪ ಬೆಳಕು ಬರುತ್ತಿದ್ದ ಹಾಗೆ ದೊಡ್ಡ ಏಂಜೆಲ್ ಮೆಲ್ಲಗೆ ಕೆಳಗೆ ಇಳಿಯಿತು. ನಿದ್ದೆಗಣ್ಣಲ್ಲಿ ನಿಂತಿದ್ದ ನಿಯಾನ್ ಹತ್ತಿರ ಹೋಗಿ ಒಂದೇ ಸಲ ನುಂಗಿತು. ಆ ಐದೂವರೆ ಗಂಟೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೇ ತಪ್ಪು ಟೈಗರ್ ಬಾರ್ಬ್. ಏಂಜೆಲ್ ಬಾಯಲ್ಲಿ ಹಿಡಿಯದಷ್ಟು ದೊಡ್ಡ ಮೀನು ಹಾಕಿದರೆ ಆಯ್ತಲ್ವಾ ಅಂದುಕೊಂಡು ಐದು ತಂದೆ. ಏಂಜೆಲ್‌ಗಳ ಕೆಳಗಿನ ದಾರದಂಥ ರೆಕ್ಕೆಗಳು ಬಾರ್ಬ್ ಕಚ್ಚಿ ಹತ್ತು ದಿನದಲ್ಲಿ ಮೊಂಡಾದವು. ಬಾರ್ಬ್‌ಗಳನ್ನು ಮೂರು ಅಡಿ ಟ್ಯಾಂಕಿಗೆ ಹಾಕಿದೆ. ಅಲ್ಲಿ ಅವು ತಮ್ಮಲ್ಲೇ ಕಚ್ಚಾಡಿದವು. ಎಲ್ಲರೂ "ಎರಡು ತೆಗೆದುಬಿಡಿ" ಅಂದರು. ನಾನು ಇನ್ನೂ ಒಂಬತ್ತು ತಂದು ಸೇರಿಸಿದೆ. 14 ಆದ ಮೇಲೆ ಜಗಳ ಹಂಚಿಹೋಯಿತು, ಒಂದೇ ಮೀನಿನ ಮೇಲೆ ಬೀಳುವುದು ನಿಂತಿತು. ಈ ಸಣ್ಣ ಪ್ರಯೋಗ ನನಗೆ ತುಂಬಾ ಧೈರ್ಯ ಕೊಟ್ಟಿತು. ಆದರೆ 14 ಇದ್ದರೂ ಅವುಗಳ ಜೊತೆ ಏಂಜೆಲ್ ಹಾಕುವುದಿಲ್ಲ. ಅದು ಬೇಡವೇ ಬೇಡ.

ಮೂರನೆಯದು ಸಕ್ಕರ್, ಬಾಯಿಂದ ಗಾಜಿಗೆ ಅಂಟಿಕೊಳ್ಳುವ ಮೀನು. ಅಂಗಡಿಯವರು "ಗಾಜು ಕ್ಲೀನ್ ಮಾಡುತ್ತೆ ಸಾರ್" ಅಂತ ಬೆರಳುದ್ದದ್ದು ಕೊಟ್ಟರು. ವರ್ಷದಲ್ಲಿ ಎಂಟು ಇಂಚು ಆಯಿತು. ಏಂಜೆಲ್ ಮೈಮೇಲೆ ಬಿಳಿ ಬಿಳಿ ಉಜ್ಜಿದ ಗುರುತು ಬರತೊಡಗಿತು. ಫಂಗಸ್ ಅಂದುಕೊಂಡು ಔಷಧಿಗೇ 700-800 ರೂಪಾಯಿ ಕಳೆದೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಾಕಿ ನೋಡಿದಾಗ ಗೊತ್ತಾಯಿತು, ಸಕ್ಕರ್ ಏಂಜೆಲ್ ಪಕ್ಕೆಗೆ ಅಂಟಿಕೊಂಡು ಮೈಲೋಳೆ ಕೆರೆಯುತ್ತಿತ್ತು. ಚಪ್ಪಟೆ ಮೈಯ ಮೀನಿಗೆ ಈ ಕಾಟ ಜಾಸ್ತಿ. ಅದನ್ನು ಪುಕ್ಕಟೆಯಾಗಿ ಅಂಗಡಿಗೇ ವಾಪಸ್ ಕೊಟ್ಟು ಬಂದೆ. ದಯವಿಟ್ಟು ಯಾರೂ ಕೆರೆಗೆ ಬಿಡಬೇಡಿ. ನಮ್ಮ ಕೆರೆಗಳಲ್ಲಿ ಇವು ಆಗಲೇ ಬೇಕಾದಷ್ಟು ಹಬ್ಬಿವೆ. ಈಗ ನನ್ನಲ್ಲಿರುವುದು ಎರಡು ಬ್ರಿಸಲ್‌ನೋಸ್, ಸಕ್ಕರ್‌ನದೇ ಸಣ್ಣ ಬಗೆ. ನಾಲ್ಕೂವರೆ ಇಂಚಿಗೆ ನಿಂತಿವೆ, ಯಾರ ತಂಟೆಗೂ ಹೋಗುವುದಿಲ್ಲ.

ಇಷ್ಟೆಲ್ಲ ಸೇರಿ ಮೀನಿಗೇ ಐದಾರು ಸಾವಿರ ಕಳೆದುಕೊಂಡ ಮೇಲೆ ಟ್ಯಾಂಕ್ ಖಾಲಿ ಮಾಡಿದೆ. ಹೊಸದಾಗಿ ಶುರು. ಟ್ಯಾಂಕ್ ಉದ್ದ ನಾಲ್ಕು ಅಡಿ, ಅಗಲ ಒಂದೂವರೆ, ಎತ್ತರ ಎರಡು. ಮರಳು, ಕಟ್ಟಿಗೆ ಕಳೆದರೆ ಸುಮಾರು 300 ಲೀಟರ್ ನೀರು. ಏಂಜೆಲ್‌ಗೆ ಆ ಎತ್ತರ ಬೇಕೇ ಬೇಕು.

ಈ ಸಲ ಮೊದಲು ಬಂದದ್ದು ಟೆಟ್ರಾ. ನಿಯಾನ್ ಕೈಬಿಟ್ಟೆ. ಅದು ತೆಳ್ಳಗೆ, ಒಂದೂಕಾಲು ಇಂಚಿನ ಮೀನು. ಅದಕ್ಕೆ ತಣ್ಣನೆ ನೀರು ಇಷ್ಟ, ನಾನು ಏಂಜೆಲ್‌ಗೆ ಇಡುವುದು 27 ಡಿಗ್ರಿ. ರಮ್ಮಿನೋಸ್‌ಗೆ ಆ ಬಿಸಿ ಹಿಡಿಸುತ್ತದೆ, ಎರಡು ಇಂಚಿನ ಹತ್ತಿರ ಬೆಳೆಯುತ್ತದೆ, ಗುಂಪು ಬಿಟ್ಟು ಅಲೆಯುವುದಿಲ್ಲ. ನೀರು ಕೆಟ್ಟರೆ ಮೂತಿಯ ಕೆಂಪು ಮಾಸುತ್ತದೆ, ಅದು ನನಗೆ ಮೀಟರ್‌ಗಿಂತ ಮೊದಲೇ ಹೇಳುತ್ತದೆ. ಕಾರ್ಡಿನಲ್ ಟೆಟ್ರಾ ಕೂಡ ಆಗುತ್ತದೆ, ಆದರೆ ನನಗೆ ಸಿಕ್ಕ ರೇಟು ದುಬಾರಿ ಇತ್ತು. ರಮ್ಮಿನೋಸ್ ಒಂದಕ್ಕೆ 60 ರೂಪಾಯಿಯ ಹಾಗೆ ಬಿತ್ತು.

ನೀರಿನ ವಿಷಯದಲ್ಲಿ ತುಮಕೂರಿನವರ ಕಷ್ಟ ತುಮಕೂರಿನವರಿಗೇ ಗೊತ್ತು. ನಮ್ಮ ಬೋರ್ ನೀರು ನನ್ನ ಮೀಟರ್‌ನಲ್ಲಿ 900 ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) ಮೇಲೆ ತೋರಿಸುತ್ತದೆ. ಅದರಲ್ಲಿ ರಮ್ಮಿನೋಸ್ ಮೂತಿ ಯಾವತ್ತೂ ಕೆಂಪಾಗಲಿಲ್ಲ. ಬುಗುಡನಹಳ್ಳಿ ಕೆರೆಯಿಂದ ನಲ್ಲಿಗೆ ಬರುವ ಹೇಮಾವತಿ ನೀರನ್ನು ಡ್ರಮ್ಮಿನಲ್ಲಿ ಹಿಡಿದು, ಆಂಟಿ ಕ್ಲೋರಿನ್ ಹಾಕಿ, ಒಂದು ದಿನ ಬಿಟ್ಟು ಬಳಸುತ್ತೇನೆ. ಬೋರ್ ನೀರು ಐದರಲ್ಲಿ ಒಂದು ಪಾಲು ಅಷ್ಟೇ. ನಾಲ್ಕು ದಿನದಲ್ಲಿ ಮೂತಿಗಳು ಕೆಂಪಾದವು.

ಟೆಟ್ರಾಗಳನ್ನು ಒಂದಿಷ್ಟು ದಿನ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡದೆ ಯಾವತ್ತೂ ಬಿಡಬೇಡಿ. ಹಿಂದೊಮ್ಮೆ ಅವಸರ ಮಾಡಿ ಬಿಳಿ ಚುಕ್ಕೆ ರೋಗಕ್ಕೆ 11 ಮೀನು ಕಳೆದುಕೊಂಡಿದ್ದೇನೆ. ಈಗ ಎರಡು ಅಡಿಯ ತೊಟ್ಟಿಯಲ್ಲಿ ಮೂರು ವಾರ.

ಆಮೇಲೆ ಐದು ತಿಂಗಳು ಟ್ಯಾಂಕಿನಲ್ಲಿ ಟೆಟ್ರಾ, ಕೋರಿ (ತಳದಲ್ಲಿ ಓಡಾಡುವ ಸಣ್ಣ ಮೀನು), ಗಿಡ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಕೋರಿಯಲ್ಲಿ ಸ್ಟರ್ಬಾಯ್ ಮಾತ್ರ, ಉಳಿದ ಎಷ್ಟೋ ಜಾತಿಗೆ 27 ಡಿಗ್ರಿ ಜಾಸ್ತಿಯಾಗುತ್ತದೆ. ಬಂದವರೆಲ್ಲ "ಏಂಜೆಲ್ ಎಲ್ರೀ?" ಅಂತ ಕೇಳುತ್ತಿದ್ದರು. ಟೆಟ್ರಾ ಒಂದೂಮುಕ್ಕಾಲು ಇಂಚು ಆಗಿ ಹೊಟ್ಟೆ ತುಂಬಿಕೊಳ್ಳುವ ತನಕ ನಾನು ಅಲುಗಾಡಲಿಲ್ಲ. ಆಮೇಲೆ ಐದು ರೂಪಾಯಿ ನಾಣ್ಯದಷ್ಟು ಅಗಲದ ಆರು ಏಂಜೆಲ್ ಮರಿ ತಂದೆ. ಆರೂ ಒಂದೇ ತಾಯಿಯ ಮರಿಗಳು. ಚೆನ್ನೈನ ಕೊಳತ್ತೂರಿಗೆ ಬಸ್ಸಲ್ಲಿ ಹೋಗಿ, ಮರಿ ಮಾಡುವವರ ಮನೆಯಲ್ಲೇ ಆರಿಸಿದ್ದು. ಯಾರ ಮನೆ ಅಂತ ಹೇಳುವುದಿಲ್ಲ, ಅಲ್ಲಿ ಮರಿ ಸಿಗುವುದೇ ಕಡಿಮೆ.

ಇಲ್ಲಿರುವುದೇ ನನ್ನ ವಿಧಾನದ ಗುಟ್ಟು. ಏಂಜೆಲ್ ಮರಿ ಟ್ಯಾಂಕಿಗೆ ಬಂದ ದಿನವೇ ಟೆಟ್ರಾ ಅದರ ಬಾಯಿಗಿಂತ ಎಷ್ಟೋ ಪಾಲು ದೊಡ್ಡದು. ಟ್ಯಾಂಕಿನ ಹಳೆಯ ಒಡೆಯರು ಅವು. ಏಂಜೆಲ್ ಅವುಗಳನ್ನು ನೋಡುತ್ತಲೇ ಬೆಳೆಯುತ್ತದೆ, ತಿನ್ನುವ ವಸ್ತು ಅಂತ ಅದಕ್ಕೆ ಹೊಳೆಯುವುದೇ ಇಲ್ಲ. ಇದಕ್ಕೆ ಪುರಾವೆ ನನ್ನ ಕೈಯಿಂದಲೇ ಸಿಕ್ಕಿತು. ಹೋದ ವರ್ಷ ಗುಂಪು ದೊಡ್ಡದು ಮಾಡೋಣ ಅಂತ ಆರು ಸಣ್ಣ ರಮ್ಮಿನೋಸ್ ಬಿಟ್ಟೆ. ಮೂರು ದಿನದಲ್ಲಿ ನಾಲ್ಕು ಮಾಯ. ಹಳೆಯ 21ನ್ನು ಯಾರೂ ಮುಟ್ಟಲಿಲ್ಲ! ಉಳಿದ ಎರಡನ್ನು ಹಿಡಿದು ಬೇರೆ ತೊಟ್ಟಿಯಲ್ಲಿ ಬೆಳೆಸುತ್ತಿದ್ದೇನೆ.

ಇನ್ನು ಆ ಐದೂವರೆ ಗಂಟೆ. ಪೂರ್ತಿ ಕತ್ತಲಾದರೆ ಟೆಟ್ರಾ ಮಂಕಾಗುತ್ತದೆ. ರಾತ್ರಿಯೆಲ್ಲ ಕೋಣೆಯಲ್ಲಿ ಝೀರೋ ಬಲ್ಬ್ ಉರಿಸುತ್ತೇನೆ. ಬೆಳಗ್ಗೆ ಟ್ಯಾಂಕಿನ ಲೈಟ್ ಹಾಕುವ ಮೊದಲೇ ಏಂಜೆಲ್ ನಿಲ್ಲುವ ಮೂಲೆಗೆ ಊಟ ಬೀಳುತ್ತದೆ. ಹಸಿವು ಮೊದಲು ಅಲ್ಲಿ ಇಳಿಯಬೇಕು. ಏನು ಊಟ ಅಂತ ತುಂಬಾ ಜನ ಕೇಳಿದ್ದಾರೆ. ಸಿಗಡಿ ಇದೆ, ಬಟಾಣಿ ಇದೆ, ಇನ್ನೆರಡು ಇವೆ. ಅಳತೆ ಮಾತ್ರ ನನ್ನ ಹತ್ತಿರವೇ ಇರಲಿ.

ಏಂಜೆಲ್ ಬಂದ ಒಂಬತ್ತನೇ ತಿಂಗಳಲ್ಲಿ ಅವುಗಳಲ್ಲಿ ಒಂದು ಜೋಡಿ ಕಟ್ಟಿತು. ಅಮೆಜಾನ್ ಸ್ವೋರ್ಡ್ ಗಿಡದ ಎಲೆಯ ಮೇಲೆ ಮೊಟ್ಟೆಯಿಟ್ಟು, ಅರ್ಧ ಟ್ಯಾಂಕ್ ತಮ್ಮದೇ ಅಂದವು. ಟೆಟ್ರಾ ಎಲ್ಲ ಒಂದೇ ಮೂಲೆಯಲ್ಲಿ. ಈ ಜಗಳಕ್ಕೆ ಬಾರ್ಬ್‌ಗೆ ಮಾಡಿದ ಹಾಗೆ ಮೀನು ಸೇರಿಸುವ ಉಪಾಯ ನಡೆಯುವುದಿಲ್ಲ. ಅವತ್ತು ರಾತ್ರಿಯೇ ಜೋಡಿಯನ್ನು ಎತ್ತಿ ಎರಡು ಅಡಿ ತೊಟ್ಟಿಗೆ ಹಾಕಿದೆ. ದೊಡ್ಡ ಟ್ಯಾಂಕಿನ ಕಟ್ಟಿಗೆಗಳನ್ನೂ ಜಾಗ ಬದಲಿಸಿದೆ, ಉಳಿದ ನಾಲ್ಕಕ್ಕೆ ಎಲ್ಲವೂ ಹೊಸ ಜಾಗ ಅನ್ನಿಸಲಿ ಅಂತ. ಎರಡು ದಿನದಲ್ಲಿ ಟೆಟ್ರಾ ಗುಂಪು ಮತ್ತೆ ನಡುವಿಗೆ ಬಂತು.

ನಡುವೆ ಒಮ್ಮೆ ಕೆಂಪು ಚೆರ್ರಿ ಸಿಗಡಿಯನ್ನೂ ಬಿಟ್ಟು ನೋಡಿದೆ, ಮೂವತ್ತು. ದಟ್ಟ ಪಾಚಿ ಇದ್ದರೂ ವಾರ ಕಳೆಯುವಷ್ಟರಲ್ಲಿ ಒಂದೂ ಇರಲಿಲ್ಲ. ಸುಮಾರು 600 ರೂಪಾಯಿ ಹೋಯಿತು. ಇಂಥ ಸಣ್ಣ ಸಿಗಡಿಯನ್ನು ಏಂಜೆಲ್ ಬಿಡುವುದಿಲ್ಲ.

ತೊಟ್ಟಿಗೆ ಹಾಕಿದ ಜೋಡಿ ಮೊದಲ ಮೂರು ಸಲ ಮೊಟ್ಟೆಯನ್ನು ತಾವೇ ತಿಂದವು. ನಾಲ್ಕನೇ ಸಲ ಮರಿ ಈಜಿದವು. ಅದರಲ್ಲಿ ನಲವತ್ತರ ಹತ್ತಿರ ಈಗ ನಾಣ್ಯದ ಗಾತ್ರಕ್ಕೆ ಬಂದಿವೆ. ಬೇಡ ಅಂದಿದ್ದ ಆ ಹಿರಿಯರು ಆರು ಮರಿ ತಮಗೆ ಎತ್ತಿಡಿ ಅಂದಿದ್ದಾರೆ. ಅವರ ಮನೆಯ ರಮ್ಮಿನೋಸ್ ಇನ್ನೂ ಒಂದೂವರೆ ಇಂಚು ದಾಟಿಲ್ಲ. ಎರಡು ತಿಂಗಳು ಕಾಯಿರಿ ಅಂತ ಹೇಳಿದ್ದೇನೆ.