ಅಟ್ಟದ ಮೇಲಿನ ಹಳೆಯ ಪಟಾಕಿಯನ್ನು ನಂಬಬೇಡಿ
ಸಕಲೇಶಪುರ, ಆಲೂರು ಕಡೆಯ ತೋಟದ ಮನೆಗಳಲ್ಲಿ ಆನೆ ಓಡಿಸಲೆಂದು ತಂದ ಪಟಾಕಿ ವರ್ಷಗಟ್ಟಲೆ ತಗಡಿನ ಮಾಡಿನಡಿ ಬಿದ್ದಿರುತ್ತದೆ. ದಯವಿಟ್ಟು ಅದನ್ನು ಹಚ್ಚಬೇಡಿ. ಬೇಸಿಗೆಯ ಕಾವಿಗೆ ಮದ್ದನ್ನು ಹಿಡಿದಿಟ್ಟ ಅಂಟು ಒಣಗಿ ಬಿರುಕು ಬಿಡುತ್ತದೆ. ಆ ಬಿರುಕಿನೊಳಗೆ ಬೆಂಕಿ ನುಗ್ಗಿದರೆ, ನಿಧಾನವಾಗಿ ಉರಿಯಬೇಕಾದ ಮದ್ದು ಒಮ್ಮೆಲೇ ಸಿಡಿಯಬಹುದು. ಮಳೆಗಾಲದ ತೇವ ಬತ್ತಿಯನ್ನೂ ಕೆಡಿಸುತ್ತದೆ: ಹೊತ್ತಿತೋ ಇಲ್ಲವೋ ತಿಳಿಯದೆ ಬಗ್ಗಿ ನೋಡುವಷ್ಟರಲ್ಲಿ ಅನಾಹುತ. ಬಿಸಿಲಿಗಿಟ್ಟರೆ ಸರಿಹೋಗುತ್ತದೆ ಎಂಬ ಮಾತಂತೂ ಶುದ್ಧ ತಪ್ಪು. ಕೆಟ್ಟ ಮದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಕಾಗದದ ಮೇಲೆ ಬಿಳಿ ಹರಳು ಮೂಡಿದ್ದರೆ, ಬೂದು ಪುಡಿ ಉದುರುತ್ತಿದ್ದರೆ, ಅಲುಗಾಡಿಸದೆ ಅಗ್ನಿಶಾಮಕ ಠಾಣೆಗೆ ತಿಳಿಸಿ, ಅಥವಾ 112ಕ್ಕೆ ಕರೆ ಮಾಡಿ. ಹೊಸದನ್ನು ಆ ವರ್ಷಕ್ಕೆ ಬೇಕಾದಷ್ಟೇ ತನ್ನಿ. ಒಲೆ, ಡೀಸೆಲ್ ಕ್ಯಾನುಗಳಿಂದ ದೂರ, ತಂಪಾದ ಒಣ ಜಾಗದಲ್ಲಿಡಿ.